ಮೈನಸ್ ಒಂದು ಅಂದ್ರೆ ಗೊತ್ತಾ?

ಡೆಬಿಟ್ ಕಾರ್ಡ್, ಯುಪಿಐ ಶಿಸ್ತಾಗಿ ಬಳಸಿದರೆ ಸಿಬಿಲ್ ಸ್ಕೋರ್ (ಸಾಲ ತೀರಿಸುವ ನಮ್ಮ ಶಿಸ್ತಿಗೆ ಸಿಬಿಲ್ ಕಂಪನಿ ಕೊಡುವ ಅಂಕ) ತಾನಾಗಿ ಬೆಳೆಯುತ್ತೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ ಸರ್, ಅದು ತಪ್ಪು. ಖಾತೆಯಲ್ಲಿರುವುದು ನಮ್ಮದೇ ದುಡ್ಡು, ಸಾಲ ಅಲ್ಲ. ಸಿಬಿಲ್‌ಗೆ ಅದರ ಸುದ್ದಿಯೇ ಹೋಗಲ್ಲ. ನಾನೂ ನಿಮ್ಮ ಹಾಗೇ ನಂಬಿಕೊಂಡು, ಕೆಲಸಕ್ಕೆ ಸೇರಿ ಎರಡು ವರ್ಷ ಆದಮೇಲೆ ಬೈಕ್ ಲೋನ್ ಕೇಳಲು ಹೋದೆ. ಶೋರೂಮಿನ ಫೈನಾನ್ಸ್ ಹುಡುಗ ಮೊಬೈಲನ್ನು ನನ್ನ ಕಡೆ ತಿರುಗಿಸಿ ತೋರಿಸಿದ: -1. 300ರಿಂದ 900ರವರೆಗಿನ ಲೆಕ್ಕದಲ್ಲಿ ಇದೆಲ್ಲಿಂದ ಬಂತಪ್ಪಾ ಅಂತ ಗಾಬರಿ. ಕೆಟ್ಟ ಸ್ಕೋರ್ ಅಲ್ಲವಂತೆ, ಸಾಲದ ಚರಿತ್ರೆಯೇ ಇಲ್ಲ ಅಂತ ಅರ್ಥ. ಕೊನೆಗೆ ಅಪ್ಪನ ಹೆಸರಲ್ಲಿ ಲೋನ್ ಆಯಿತು (ಅವರ ಬೆಳೆಸಾಲ ನೆಟ್ಟಗಿತ್ತು, ಪುಣ್ಯ).

ಆಮೇಲೆ 20 ಸಾವಿರ ಎಫ್‌ಡಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ತಗೊಂಡೆ. ಪೆಟ್ರೋಲ್, ರೀಚಾರ್ಜ್ ಬಿಟ್ಟರೆ ಬೇರೇನಕ್ಕೂ ಉಜ್ಜಲಿಲ್ಲ, ಪ್ರತಿ ತಿಂಗಳೂ ಬಿಲ್ ಪೂರ್ತಿ ಕಟ್ಟಿದೆ. 'ಮಿನಿಮಮ್ ಡ್ಯೂ' (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟಿ ಕೈತೊಳೆದುಕೊಂಡರೆ ಉಳಿದದ್ದಕ್ಕೆ ತಿಂಗಳಿಗೆ ಮೂರು, ಮೂರೂವರೆ ಪರ್ಸೆಂಟ್ ಬಡ್ಡಿ ಬೀಳುತ್ತೆ. ವರ್ಷದೊಳಗೆ ನನ್ನ ಸ್ಕೋರ್ 740ಕ್ಕೆ ಬಂತು.

ಇನ್ನೊಂದು ಮಾತು ನೀವು ಬಿಟ್ಟಿದ್ದೀರಿ. ನಮ್ಮ ಸಿಬಿಲ್ ರಿಪೋರ್ಟ್ (ನಮ್ಮ ಸಾಲಗಳ ಪಟ್ಟಿ) ನಾವೇ ನೋಡಿದರೆ ಸ್ಕೋರ್ ಇಳಿಯಲ್ಲ, ನಾಲ್ಕಾರು ಬ್ಯಾಂಕಿಗೆ ಒಟ್ಟಿಗೆ ಅರ್ಜಿ ಗುಜರಾಯಿಸಿದರೆ ಇಳಿಯುತ್ತೆ. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು ಅನ್ನೋದು ರಿಸರ್ವ್ ಬ್ಯಾಂಕಿನ ನಿಯಮ. ಹೋದ ವರ್ಷ ತೆಗೆದು ನೋಡಿದರೆ, ನಾನು ಕೊಳ್ಳದ ಮೊಬೈಲಿನ ಇಎಂಐ ಒಂದು ಅದರಲ್ಲಿ ಕೂತಿತ್ತು! ದೂರು ಕೊಟ್ಟು 30 ದಿನ ದಾಟಿದರೂ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ನನ್ನದನ್ನು 26ನೇ ದಿನಕ್ಕೇ ಅಳಿಸಿಬಿಟ್ಟರು.