ಊರು ಬಿಡದ ಬ್ಯಾಂಡು

"ಹುಬ್ಬಳ್ಳಿ-ಧಾರವಾಡದಾಗ ಕುಂತ್ರ ಬ್ಯಾಂಡ್ ಬೆಳಿಯಂಗಿಲ್ಲ, ಬೆಂಗಳೂರಿಗೆ ಹೋಗ್ರಿ" ಅಂತ ಗಿಟಾರ್ ಹಿಡಿದ ಹುಡುಗೂರಿಗೆ ಬುದ್ಧಿ ಹೇಳೋ ಮಂದಿ ಭಾಳ ಅದಾರ. ನಾ ಒಪ್ಪಂಗಿಲ್ಲ. ಅಮೆರಿಕಾದ ಆರ್.ಇ.ಎಂ. ಅನ್ನೋ ರಾಕ್ ಬ್ಯಾಂಡಿನ ಕಥಿ ಗೊತ್ತಿದ್ದವರು ಯಾರೂ ಒಪ್ಪಬಾರದು.

ಅಮೆರಿಕಾದ ಜಾರ್ಜಿಯಾ ರಾಜ್ಯದಾಗ ಅಥೆನ್ಸ್ ಅಂತ ಊರು. ನಮ್ಮ ಧಾರವಾಡದಂಗ ಯೂನಿವರ್ಸಿಟಿ ಊರು. ಮುಂದ ಈ ಬ್ಯಾಂಡಿನ ಗಿಟಾರ್ ಹಿಡಿದ ಪೀಟರ್ ಬಕ್ ಅಲ್ಲಿ ರೆಕಾರ್ಡ್ ಅಂಗಡ್ಯಾಗ ಕೆಲಸಕ್ಕಿದ್ದ. ಅಂಗಡಿಗೆ ಬರ್ತಿದ್ದ ಮೈಕಲ್ ಸ್ಟೈಪ್ ಜೋಡಿ ದೋಸ್ತಿ ಆತು, ಅವನೇ ಬ್ಯಾಂಡಿನ ಹಾಡುಗಾರ ಆದ. ಮೈಕ್ ಮಿಲ್ಸ್, ಬಿಲ್ ಬೆರಿ ಬಂದು ಕೂಡಿದ್ರು. 1980ರ ಏಪ್ರಿಲ್ 5ಕ್ಕ, ಒಂದು ಹಳೇ ಚರ್ಚಿನಾಗ, ಗೆಳತಿಯೊಬ್ಬಾಕಿ ಹುಟ್ಟಹಬ್ಬಕ್ಕ ಮೊದಲ ಸಲ ಬಾರಿಸಿದ್ರು. ಆಮ್ಯಾಲೆ ವ್ಯಾನಿನಾಗ ಸಾಮಾನು ಹೇರ್ಕೊಂಡು ಊರೂರು ತಿರುಗಿ ಸಣ್ಣ ಸಣ್ಣ ಕ್ಲಬ್ಬಿನಾಗ ಹಾಡಿದ್ರು. ಅವರ ಹಾಡು ಹೆಚ್ಚಾಗಿ ಕೇಳ್ಸಿದ್ದು ಕಾಲೇಜು ಹುಡುಗೂರು ನಡಸೋ ರೇಡಿಯೋದಾಗ. 1983ರಾಗ, ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ಆಲ್ಬಮ್ ಜಗತ್ತನ್ನೆಲ್ಲ ಕುಣಿಸ್ತಿದ್ದಾಗ, ರೋಲಿಂಗ್ ಸ್ಟೋನ್ ಪತ್ರಿಕಾದ ವಿಮರ್ಶಕರು ವರ್ಷದ ಆಲ್ಬಮ್ ಅಂತ ಆರಿಸಿದ್ದು ಇವರ 'ಮರ್ಮರ್' ಅನ್ನ. ಖರೇನ ಮನಿಮಾತಾಗಿದ್ದು ಮಾತ್ರ 1991ಕ್ಕ, 'ಲೂಸಿಂಗ್ ಮೈ ರಿಲಿಜನ್' ಹಾಡು ಬಂದಾಗ. ಬಕ್ ಮ್ಯಾಂಡೊಲಿನ್ ಕಲಿಯೂ ಮುಂದ ಕೈಗೆ ಹತ್ತಿದ ಧಾಟಿ ಅದು!

ಅಂದ್ರ ಹುಟ್ಟಹಬ್ಬದ ಪಾರ್ಟಿಯಿಂದ ಅಲ್ಲೀತನಕ ಹನ್ನೊಂದು ವರ್ಷ. ಅಷ್ಟು ದಿನ ನಾಲ್ಕೂ ಮಂದಿ ಒಡೀದ ಹೆಂಗ ಉಳಿದ್ರು? ಹಾಡು ಯಾರೇ ಕಟ್ಟಲಿ, ನಾಲ್ವರ ಹೆಸರೂ ಹಾಕ್ತಿದ್ರು, ರೊಕ್ಕಾನೂ ಸಮಪಾಲು. ರೊಕ್ಕದ ಸಲುವಾಗಿ, ಹೆಸರಿನ ಸಲುವಾಗಿ ಒಡೆದ ಬ್ಯಾಂಡು ನಮ್ಮ ಊರಾಗೂ ಅದಾವ, ಅದಕ್ಕ ಈ ಮಾತು ನನಗ ಭಾಳ ದೊಡ್ಡದು ಅನಸ್ತೈತಿ. ಹೆಸರು ಬಂದ ಮ್ಯಾಲೂ ಅವರ ಆಫೀಸು ಅಥೆನ್ಸಿನಾಗೇ ಇತ್ತು.

ನಮ್ಮಲ್ಲಿ ಪ್ರತಿಭಾಕ್ಕ ಕಮ್ಮಿ ಇಲ್ಲ, ಕೇಳೋರಿಗೂ ಕಮ್ಮಿ ಇಲ್ಲ. ಕುಂದಗೋಳದ ನಾಡಿಗೇರ ವಾಡೇದಾಗ ಸವಾಯಿ ಗಂಧರ್ವರ ನೆನಪಿಗೆ ರಾತ್ರಿಪೂರ್ತಿ ಕುಂತು ಗಾಯನ ಕೇಳೋ ಸೀಮಿ ಇದು. ಆದ್ರ ಅದೇ ನಾವು, ಗ್ಯಾದರಿಂಗಿನಾಗ ಹುಡುಗೂರು ತಾವೇ ಕಟ್ಟಿದ ಹಾಡು ಸುರು ಮಾಡಿದ್ರ "ಏ ತಮ್ಮಾ, ಸಿನಿಮಾದ್ದು ಹಾಡೋ" ಅಂತ ಕೂಗ್ತೀವಿ. ಗಣಪತಿ ಪೆಂಡಾಲಿನಾಗ ಸೌಂಡಿನವ್ರಿಗೆ, ಲೈಟಿನವ್ರಿಗೆ ರೊಕ್ಕ ಎಣಿಸಿ ಕೊಡ್ತೀವಿ, ಹಾಡಿದವ್ರಿಗೆ ಶಾಲು ಹೊದಿಸಿ ಕಳಸ್ತೀವಿ. ಇದು ನನಗ ಸಿಟ್ಟು ತರಸ್ತೈತಿ. ಡ್ರಮ್ಮಿನ ಸಾಮಾನು ಹೊತ್ತ ಟೆಂಪೋದ ಬಾಡಿಗಿ ಶಾಲಿನಿಂದ ತೀರಂಗಿಲ್ಲ.

ಧಾರವಾಡದಾಗ ಸೃಜನಾ ರಂಗಮಂದಿರ ಐತಿ, ವಿದ್ಯಾವರ್ಧಕ ಸಂಘದ ಸಭಾಭವನ ಐತಿ. ತಿಂಗಳಿಗೊಂದು ಸಂಜಿ, ನೂರು ರೂಪಾಯಿ ಟಿಕೆಟ್, ಬರೇ ಸ್ವಂತ ಹಾಡು. ಇಷ್ಟು ಮಾಡಾಕ ಹತ್ತು ಮಂದಿ ಸಾಕು. ಟಿಕೆಟ್ ಮಾರೋದು, ಕುರ್ಚಿ ಹಾಕೋದು ನನಗ ಬಿಡ್ರಿ. ಬ್ಯಾಂಡ್ ಇದ್ದವ್ರು, ಜಾಗಾ ಕೊಡಸೋ ಕೈ ಇದ್ದವ್ರು ಕೆಳಗ ಬರೀರಿ, ಈ ರವಿವಾರ ಕೂಡೂಣು.