ಪಿನ್‌ಕೋಡು ಒಡೆದದ್ದು

ಮಳೆಗಾಲದಲ್ಲಿ ಶಿರಸಿಯಲ್ಲಿ ಕರೆಂಟ್ ಹೋದರೆ ಮಾಡಲು ಎರಡೇ ಕೆಲಸ: ಕವಳ ಹಾಕುವುದು, ಕರೆಂಟ್ ಯಾವಾಗ ಬರುತ್ತದೆಂದು ಪಕ್ಕದ ಮನೆಯವರನ್ನು ಕೇಳುವುದು. ಅವರಿಗೂ ಗೊತ್ತಿರುವುದಿಲ್ಲ. ಮೊನ್ನೆ ಎರಡೂ ಮುಗಿದ ಮೇಲೆ ಮೇಣದಬತ್ತಿಯ ಬೆಳಕಿನಲ್ಲಿ ಹಳೆಯ ಮದುವೆ ಕರೆಯೋಲೆಯೊಂದು ಕಣ್ಣಿಗೆ ಬಿತ್ತು. ಲಕೋಟೆಯ ಮೇಲೆ ನನ್ನ ಹೆಸರು, ಅದರ ಅಡಿಯಲ್ಲಿ 581401. 1972ರಿಂದ ಅಂಚೆಯವರು ಈ ಆರು ಅಂಕಿಗಳಿಂದ ಊರು ಗುರುತಿಸುತ್ತಿದ್ದಾರೆ. ಇದನ್ನು ಯಾವುದರಿಂದಲಾದರೂ ಭಾಗಿಸಬಹುದೇ ಎಂದು ಪೆನ್ಸಿಲ್ ಹಿಡಿದೆ.

ಅಂಕಿಗಳ ಮೊತ್ತ 19. ಹಾಗಾಗಿ ಮೂರು ಹೋಗುವುದಿಲ್ಲ. ಏಳು, ಹನ್ನೊಂದು, ಹದಿಮೂರಕ್ಕೆ ಒಂದೇ ಏಟಿನ ಉಪಾಯವಿದೆ. ಈ ಮೂರನ್ನು ಗುಣಿಸಿದರೆ 1001 ಬರುತ್ತದೆ. ಆದ್ದರಿಂದ ಸಂಖ್ಯೆಯನ್ನು ನಡುವೆ ಕತ್ತರಿಸಿ, 581ರಲ್ಲಿ 401 ಕಳೆದು, ಉಳಿದದ್ದನ್ನು ನೋಡಿದರೆ ಸಾಕು. ಉಳಿದದ್ದು 180. ಮೂರರಲ್ಲಿ ಒಂದೂ ಹೋಗಲಿಲ್ಲ. ಹದಿನೇಳರಿಂದ ಭಾಗಿಸಿದೆ, ಶೇಷ ಒಂದು. ಹತ್ತೊಂಬತ್ತರಿಂದ ಭಾಗಿಸಿದೆ, ಮತ್ತೆ ಒಂದು! ನಮ್ಮೂರು ಅವಿಭಾಜ್ಯವೇ ಇರಬೇಕೆಂದು ಸಣ್ಣದೊಂದು ಹೆಮ್ಮೆ ಹುಟ್ಟಿತು.

ಕಾರವಾರದ್ದು 581301. ಅದರ ಗತಿ ನೋಡಿ: ಮೊತ್ತ 18, ಒಂಬತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಏಳೂ ಹೋಗುತ್ತದೆ. ಕೊನೆಗುಳಿಯುವ 9227 ಮಾತ್ರ ಅಡಕತ್ತರಿಗೆ ಬಗ್ಗದ ಗಟ್ಟಿ ಅಡಿಕೆ, ಅವಿಭಾಜ್ಯ. ಜಿಲ್ಲಾ ಕೇಂದ್ರ ನಮಗೆ ದೂರವಾಯಿತೆಂಬ ಹಳೆಯ ಮುನಿಸು ಇದರಿಂದ ಸ್ವಲ್ಪ ತಣ್ಣಗಾಯಿತೆಂದರೆ ಸುಳ್ಳಲ್ಲ.

ಆದರೆ ಹೆಮ್ಮೆಗೆ ಪುರಾವೆ ಬೇಕಲ್ಲ. 763ರ ವರ್ಗ ನಮ್ಮ ಸಂಖ್ಯೆಯನ್ನು ಮೀರುತ್ತದೆ; ಅಂದರೆ 763ಕ್ಕಿಂತ ಕೆಳಗಿನ 135 ಅವಿಭಾಜ್ಯಗಳನ್ನು ಪರೀಕ್ಷಿಸಿದರೆ ತೀರ್ಮಾನ ಸಿಗುತ್ತದೆ. ಎರಡು ಸಂಜೆ ಹಿಡಿಯಿತು. ಕರೆಯೋಲೆಯ ಹಿಂಬದಿ ತುಂಬಿ, ಹಾಲಿನ ಲೆಕ್ಕದ ಪುಸ್ತಕಕ್ಕೆ ಬಂದೆ. 419ಕ್ಕೆ 248 ಉಳಿಯಿತು. ಅದರ ಜೋಡಿ 421ಕ್ಕೆ ಏನೂ ಉಳಿಯಲಿಲ್ಲ. ನಂಬದೆ ಮತ್ತೆ ಮಾಡಿದೆ. 421 × 1381. ಎರಡೂ ಅವಿಭಾಜ್ಯ. 81 ಸಲ ಬಾಗಿಲು ತಟ್ಟಿಸಿಕೊಂಡು ಸುಮ್ಮನಿದ್ದವರು 82ನೆಯದಕ್ಕೆ ತೆರೆದರು.

ತಮಾಷೆಯೆಂದರೆ, ಗುಣಿಸಿ ತಾಳೆ ನೋಡಲು ಒಂದು ನಿಮಿಷವೂ ಬೇಕಾಗಲಿಲ್ಲ. ಗುಣಿಸುವುದು ಇಷ್ಟು ಸುಲಭ, ಬಿಡಿಸುವುದು ಅಷ್ಟು ಕಷ್ಟ. ಈ ಕಷ್ಟವನ್ನೇ ಬಂಡವಾಳ ಮಾಡಿಕೊಂಡು 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಗುಟ್ಟು ಕಾಯುವ ಬೀಗವೊಂದನ್ನು ಕಟ್ಟಿದರು. ಅವರ ವಿಧಾನದಲ್ಲಿ ಇಂದು ಬಳಸುವ ಸಂಖ್ಯೆಗಳಿಗೆ ಆರಲ್ಲ, ನೂರಾರು ಅಂಕಿಗಳು. ಅದನ್ನು ಒಡೆಯಲು ನಮ್ಮೂರಿನ ಮಳೆಗಾಲವೂ ಸಾಲದು.

ಕಾರವಾರದ ಭಾವನಿಗೆ ಕಾಗದ ಬರೆದು, ಕಳುಹಿಸಿದವರ ವಿಳಾಸದಲ್ಲಿ ‘ಶಿರಸಿ, 421 × 1381’ ಎಂದು ಹಾಕಿದೆ. ಹೆಂಡತಿ ಲಕೋಟೆಯನ್ನು ದೀಪಕ್ಕೆ ಹಿಡಿದು ಓದಿ, ಪೆನ್ಸಿಲ್ ಕಸಿದುಕೊಂಡಳು.

“ಅಂಚೆಯಣ್ಣ ಗುಣಿಸುತ್ತಾ ಕೂತರೆ ಊರಿನ ಕಾಗದ ಹಂಚುವವರು ಯಾರು?”