ಚಿಪ್ಪಿನ ಕೋಟೆ, ಗೂಬೆಯ ಕೂಗು

ಫ್ಲಾರಿಡಾದ ಸೇಂಟ್ ಅಗಸ್ಟೀನ್ ನಮ್ಮ ಮನೆಯಿಂದ ಒಂದು ಗಂಟೆಯ ದಾರಿ. ಊರಿನಿಂದ ಯಾರೇ ಬಂದರೂ ಅಲ್ಲಿನ ಸ್ಪೇನಿನವರ ಕೋಟೆ ತೋರಿಸದೆ ಕಳಿಸುವುದಿಲ್ಲ. ಹೋದ ಸಲ ಬಸರೂರಿನಿಂದ ಬಂದ ಅಮ್ಮ ಗೋಡೆಯ ಮೇಲೆ ಕೈಯಾಡಿಸಿ, "ಇದೇನು ಮಾರಾಯ, ಬರೀ ಚಿಪ್ಪು! ಸುಟ್ಟರೆ ಒಳ್ಳೆಯ ಸುಣ್ಣ ಆಗುತ್ತಿತ್ತು" ಎಂದರು. ಕಡಲ ಚಿಪ್ಪುಗಳೇ ಒತ್ತಿಕೊಂಡು ಗಟ್ಟಿಯಾದ ಕೊಕೀನಾ ಕಲ್ಲು ಅದು. ಎಷ್ಟು ಮೆತ್ತಗೆಂದರೆ, 1702ರಲ್ಲಿ ಇಂಗ್ಲಿಷರು ಹಾರಿಸಿದ ಗುಂಡುಗಳು ಗೋಡೆಯನ್ನು ಒಡೆಯಲಾರದೆ ಅದರೊಳಗೇ ಹೂತುಕೊಂಡವು.

ಈ ಗುಂಡಿನ ಕತೆಯನ್ನು ಗೈಡುಗಳು ಬಾಯಿ ತುಂಬ ಹೇಳುತ್ತಾರೆ. 1672ರಿಂದ ಆ ಕಲ್ಲು ಕಡಿದು ಹೊತ್ತ ಇಲ್ಲಿನ ಮೂಲನಿವಾಸಿಗಳಾದ ತಿಮುಕುವಾ, ಗ್ವಾಲೆ, ಅಪಲಾಚಿ ಜನರಿಗೆ ಒಂದೇ ವಾಕ್ಯ. ಆಮೇಲೆ ಅವರು "ಕಣ್ಮರೆಯಾದರು". ಅವರೇನು ಇಬ್ಬನಿಯೇ?

ಸ್ಪೇನಿನ ಮೆನೆಂಡೆಸ್ ಈ ಊರು ಕಟ್ಟಿದ್ದು 1565ರ ಸೆಪ್ಟೆಂಬರಿನಲ್ಲಿ. ಅದೇ ವರ್ಷದ ಜನವರಿಯಲ್ಲಿ ವಿಜಯನಗರ ರಕ್ಕಸ-ತಂಗಡಿಯಲ್ಲಿ ಸೋತಿತ್ತು. 1568ಕ್ಕೆ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಹಾಕಿದರು. ಆದರೂ ನಾವು ಉಳಿದೆವು. ಕೇಳಿದರೆ ಉಳ್ಳಾಲದ ಅಬ್ಬಕ್ಕನ ಹೆಸರು ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ ಫ್ಲಾರಿಡಾದ ಇನ್ನೊಂದು ಮೂಲನಿವಾಸಿ ಕುಲವಾದ ಕಲೂಸಾ ಜನರಿಗೇನು ಕೆಚ್ಚು ಕಡಿಮೆಯಿತ್ತೇ? 1521ರಲ್ಲಿ ನೆಲೆಯೂರಲು ಬಂದ ಸ್ಪೇನಿನ ಪೋನ್ಸೆ ದೆ ಲಿಯೋನ್‌ನನ್ನು ಹೊಡೆದಟ್ಟಿದರು. ಆ ಗಾಯದಿಂದಲೇ ಅವನು ಹವಾನಾದಲ್ಲಿ ಸತ್ತ. ನಮಗೆ ಒದಗಿದ ಅದೃಷ್ಟ ಬೇರೆ. ಅರಬರೊಡನೆ ಶತಮಾನಗಳ ವ್ಯಾಪಾರ ಮಾಡಿದ ನಮ್ಮ ಕರಾವಳಿಗೆ ಸಿಡುಬು ಹೊಸದಲ್ಲ; ಮಾರಿಯಮ್ಮನಿಗೆ ಗುಡಿ ಕಟ್ಟಿಯಾಗಿತ್ತು. ಬಸರೂರಿನ ಅಕ್ಕಿ ಗೋವೆಗೆ ಬೇಕಿತ್ತು, ಹಾಗಾಗಿ ಪೋರ್ಚುಗೀಸರು ಚೌಕಾಶಿಗೂ ಕೂರಬೇಕಾಯಿತು. ತಿಮುಕುವಾ ಹಳ್ಳಿಗಳನ್ನು ಕಂಡರಿಯದ ರೋಗ ಬರಿದು ಮಾಡಿತು. ಉಳಿದವರ ಮೇಲೆ ಬಿಟ್ಟಿ ಕೆಲಸದ ಹೊರೆ, ಕೊನೆಗೆ ಇಂಗ್ಲಿಷರ ದಾಳಿ. ನಮ್ಮ ಶೌರ್ಯದ ಭಾಷಣಗಳಲ್ಲಿ ಸಿಡುಬಿನ ಮಾತೇ ಬರುವುದಿಲ್ಲ.

1763ರಲ್ಲಿ ಫ್ಲಾರಿಡಾ ಬ್ರಿಟಿಷರ ಪಾಲಾದಾಗ ಅಳಿದುಳಿದವರು ಸ್ಪೇನಿನವರ ಜೊತೆ ಕ್ಯೂಬಾಕ್ಕೆ ಹೋದರು. ತಿಮುಕುವಾ ಭಾಷೆ ಈಗ ಉಳಿದಿರುವುದು ಹೆಚ್ಚಾಗಿ ಪಾದ್ರಿ ಫ್ರಾನ್ಸಿಸ್ಕೋ ಪಾರೆಹಾ ಮೆಕ್ಸಿಕೋದಲ್ಲಿ ಅಚ್ಚು ಹಾಕಿಸಿದ ಪುಸ್ತಕಗಳಲ್ಲಿ. 1613ರ ಪುಸ್ತಕ ಪಾಪನಿವೇದನೆಗೆ ಬಂದವರನ್ನು ಏನೇನು ಕೇಳಬೇಕೆಂಬುದರ ಪಟ್ಟಿ: ಸ್ಪ್ಯಾನಿಷ್‌ನಲ್ಲೂ ಇದೆ, ತಿಮುಕುವಾದಲ್ಲೂ ಇದೆ. ಬಿಡಿಸಬೇಕಾದ ನಂಬಿಕೆಗಳಲ್ಲಿ ಗೂಬೆ ಕೂಗಿನ ಶಕುನವೂ ಇದೆ.

ಅದನ್ನು ಕಾರಿನಲ್ಲಿ ಅಮ್ಮನಿಗೆ ಹೇಳಿದೆ. "ನನ್ನನ್ನು ಕೇಳಿದ್ದರೆ ನಂಬುತ್ತೇನೆ ಅಂತಲೇ ಹೇಳುತ್ತಿದ್ದೆ" ಎಂದು ಕಿಟಕಿ ಏರಿಸಿದರು.